ಹದಿನಾಲ್ಕನೇ ನಂಬರಿನ ನಾಯಿ

“ಗ್ಯಾರಂಟೀನಾ?”

“ಗ್ಯಾರಂಟಿ.”

“ಹಂಡ್ರೆಡ್ ಪರ್ಸೆಂಟ್?”

“ಟೂ ಹಂಡ್ರೆಡ್!”

ಅಷ್ಟು ಹೇಳಿದ್ದೇ ತಡ, ಗುಂಗುರು ಎದ್ದು ಸ್ಕೂಲ್ ಬಸ್ಸಿನ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಳು. ಇನ್ನು ಇಡೀ ವಾರ ಆ ಸೀಟು ರೇಡಿಯೋಳದ್ದು.

ರೇಡಿಯೋ ಅಂದರೆ ಐದನೇ ಕ್ಲಾಸಿನ ಹುಡುಗಿ. ಬೆಳಿಗ್ಗೆ ಕಣ್ಣು ಬಿಡುವಾಗ ಶುರುವಾದ ಮಾತು ದಿಂಬಿಗೆ ತಲೆ ಕೊಟ್ಟಾಗಲೇ ನಿಲ್ಲುತ್ತಿತ್ತು. ಅದಕ್ಕೇ ಮನೆಯವರು ಆ ಹೆಸರಿಟ್ಟಿದ್ದರು. ಈಗ ಟೀಚರ್ ಕೂಡ ಹಾಜರಿ ಕರೆಯುವಾಗ ಬಾಯ್ತಪ್ಪಿ ಹಾಗೇ ಕರೆದುಬಿಡುತ್ತಿದ್ದರು. ಗುಂಗುರು ಅವಳ ಜೀವದ ಗೆಳತಿ. ತಲೆ ತುಂಬ ಸ್ಪ್ರಿಂಗಿನಂಥ ಕೂದಲು. ಬಾಚಲು ಹೋದರೆ ಬಾಚಣಿಗೆಯೇ ಮುರಿಯಬೇಕು.

ಭಾನುವಾರ ದೊಡ್ಡ ಮೈದಾನದಲ್ಲಿ ಡಾಗ್ ಶೋ ಇತ್ತು. ಗುಂಗುರು ಮನೆಯ ಜರ್ಮನ್ ಶೆಫರ್ಡ್ ನಾಯಿ ಅದರಲ್ಲಿ ನಿಲ್ಲುವುದಿತ್ತು. ಆ ಜಾತಿಯ ನಾಯಿಗಳನ್ನು ನೋಡಿ ಬಹುಮಾನ ಕೊಡಲು ಪರ ಊರಿಂದ ಬರುತ್ತಿದ್ದ ಜಡ್ಜ್ ಬೇರೆ ಯಾರೂ ಅಲ್ಲ, ರೇಡಿಯೋಳ ಅಜ್ಜಿ!

“ನಮ್ಮಜ್ಜಿ ನಾನು ಹೇಳಿದ್ರೆ ಇಲ್ಲ ಅನ್ನಲ್ಲ ಕಣೇ,” ಅಂದಳು ರೇಡಿಯೋ, ಕಿಟಕಿಗೆ ಮೂಗು ಒತ್ತಿಕೊಂಡು. “ಅಲ್ಲದೆ ನಿಮ್ಮ ದೊರೆಗಿಂತ ಚಂದದ ನಾಯಿ ಎಲ್ಲಿದೆ ಹೇಳು?”

ಅದೇನೂ ಸುಳ್ಳಾಗಿರಲಿಲ್ಲ. ದೊರೆ ನಿಜಕ್ಕೂ ದೊರೆಯೇ. ಎರಡೂವರೆ ವರ್ಷ ವಯಸ್ಸು. ಕಪ್ಪು ಬೆನ್ನು, ಜೇನಿನ ಬಣ್ಣದ ಕಾಲು, ಕುತ್ತಿಗೆಯ ಸುತ್ತ ಶಾಲು ಹೊದ್ದ ಹಾಗೆ ದಟ್ಟ ಕೂದಲು. ವಂಶಾವಳಿಯ ಕಾಗದದಲ್ಲಿ ಅವನ ಹೆಸರು ಒಂದು ಸಾಲಿನಷ್ಟು ಉದ್ದವಿತ್ತು. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರ ಹೆಸರೂ ಅದರಲ್ಲಿತ್ತು.

“ನನಗೇ ನನ್ನ ಮುತ್ತಜ್ಜನ ಹೆಸರು ಗೊತ್ತಿಲ್ಲ,” ಎಂದು ಗುಂಗುರುವಿನ ಅಪ್ಪ ನಗುತ್ತಿದ್ದರು. ಅವರದು ಬೇಕರಿ. ನಸುಕಿಗೇ ಎದ್ದು ಬ್ರೆಡ್ಡು ಬೇಯಿಸಿ, ಕೈಗೆ ಮೆತ್ತಿದ ಹಿಟ್ಟು ತೊಳೆದುಕೊಂಡು, ಆಮೇಲೆ ಅರ್ಧ ಗಂಟೆ ದೊರೆಯ ಮೈ ಬಾಚುತ್ತಿದ್ದರು.

“ಈಗ ದೊರೆಗೆ ಎಷ್ಟು ಬುದ್ಧಿ ಬಂದಿದೆ ಗೊತ್ತಾ?” ಅಂದಳು ಗುಂಗುರು. “ಮುಂಚೆ ಸೋಫಾ ಹತ್ತಿ ಮಲಗ್ತಿದ್ದ. ಅಮ್ಮ ಎಷ್ಟು ಬೈದ್ರೂ ಕೇಳ್ತಿರ್ಲಿಲ್ಲ. ಈಗ ತಾನಾಗೇ ಬಿಟ್ಟಿದ್ದಾನೆ. ಕೆಳಗೇ ಮಲಗ್ತಾನೆ.”

ಅಜ್ಜಿ ಮತ್ತು ತಾತ ಗುರುವಾರ ಸಂಜೆಯ ರೈಲಿಗೆ ಬಂದಿಳಿದರು.

ಅಜ್ಜಿ ಮೂವತ್ತು ವರ್ಷ ಪೊಲೀಸ್ ನಾಯಿಗಳಿಗೆ ತರಬೇತಿ ಕೊಟ್ಟವರು. ಗಿಡ್ಡ ಆಳು, ಗಂಡಸರ ಹಾಗೆ ಕತ್ತರಿಸಿದ ಬೆಳ್ಳಿ ಕೂದಲು, ಬಲಗೈಯ ಹೆಬ್ಬೆರಳ ಹತ್ತಿರ ಹಳೆಯ ಕಡಿತದ ಗುರುತು. “ಯಾವ ನಾಯಿ ಕಚ್ಚಿದ್ದು ಅಜ್ಜಿ?” ಎಂದರೆ, “ತಪ್ಪು ನಂದೇ, ನಾಯಿ ಹೆಸರು ಯಾಕೆ ಹಾಳು ಮಾಡ್ಬೇಕು,” ಅನ್ನುತ್ತಿದ್ದರು. ತಾತ ದರ್ಜಿ. ಈಗ ಅಂಗಡಿ ಇಲ್ಲ, ಆದರೆ ಕಣ್ಣು ಮಾತ್ರ ಇನ್ನೂ ದರ್ಜಿಯದೇ. ಮನೆಗೆ ಬಂದವರ ಮುಖಕ್ಕಿಂತ ಮೊದಲು ಅವರ ಕಾಲರು ನೋಡುತ್ತಿದ್ದರು.

ಟೀ ಆದ ಮೇಲೆ ಅಜ್ಜಿ ವರಾಂಡದಲ್ಲಿ ಕೂತು ತಮ್ಮ ಚಪ್ಪಟೆ ಶೂಗೆ ಪಾಲಿಶ್ ಹಾಕತೊಡಗಿದರು. ಇದೇ ಸಮಯ ಅಂದುಕೊಂಡು ರೇಡಿಯೋ ಅವರ ಪಕ್ಕ ಒತ್ತಿಕೊಂಡು ಕೂತಳು.

“ಅಜ್ಜಿ, ಭಾನುವಾರ ಒಂದು ನಾಯಿ ಬರುತ್ತಲ್ಲ, ತುಂಬಾ ಚಂದ ಇದೆ. ಅದು ಯಾರದ್ದು ಗೊತ್ತಾ...”

ಬ್ರಷ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

“ನಿಲ್ಲು. ಯಾವ ನಾಯಿ ಯಾರದ್ದು ಅಂತ ನಂಗೆ ಹೇಳ್ಬೇಡ.”

“ಯಾಕೆ?”

“ಹೇಳಿದ್ರೆ ನಾನು ಭಾನುವಾರ ಮನೇಲೇ ಕೂತ್ಕೋಬೇಕಾಗುತ್ತೆ. ಬೇರೆ ಜಡ್ಜನ್ನ ಕಳಿಸಿ ಅಂತ ಫೋನ್ ಮಾಡ್ಬೇಕಾಗುತ್ತೆ.”

ಅಜ್ಜಿ ಸಿಟ್ಟಿನಿಂದ ಹೇಳಲಿಲ್ಲ. ‘ನಾಳೆ ಮಳೆ ಬರಬಹುದು’ ಅನ್ನುವ ಹಾಗೆ ಹೇಳಿದರು. ಅದಕ್ಕೇ ರೇಡಿಯೋಗೆ ಇನ್ನೂ ಭಯವಾಯಿತು.

“ನಾನು ಜಡ್ಜ್ ಆದ ಮೊದಲನೇ ವರ್ಷ,” ಅಂದರು ಅಜ್ಜಿ, ಮತ್ತೆ ಬ್ರಷ್ ಆಡಿಸುತ್ತಾ, “ನಮ್ಮ ಸಾಹೇಬರ ನಾಯಿ ಬಂದಿತ್ತು. ಅವರದ್ದೇ ಅಂತ ನಂಗೆ ಗೊತ್ತಿತ್ತು. ಒಳ್ಳೇ ನಾಯೀನೇ. ಫಸ್ಟ್ ಕೊಟ್ಟೆ. ಇವತ್ತಿಗೂ ನಂಗೆ ಗೊತ್ತಿಲ್ಲ ಕಣೇ, ನಾಯಿಗೆ ಕೊಟ್ಟೆನೋ, ಸಾಹೇಬರಿಗೆ ಕೊಟ್ಟೆನೋ ಅಂತ.”

ಒಳಗಿಂದ ತಾತ ಕೂಗಿದರು. “ಈ ನಾಯಿಗಳ ಫ್ಯಾಷನ್ ಶೋನೇ ನಂಗೆ ಅರ್ಥ ಆಗಲ್ಲ. ಮೂವತ್ತು ವರ್ಷ ಕಳ್ಳರನ್ನ ಹಿಡಿಸಿ, ಈಗ ಕೂದಲಿಗೆ ಮಾರ್ಕ್ಸ್ ಹಾಕ್ತಾಳೆ ನಿಮ್ಮಜ್ಜಿ!”

“ಕೂದಲಿಗಲ್ಲ ರೀ, ಕಾಲಿಗೆ!” ಅಂದರು ಅಜ್ಜಿ. “ದಿನವಿಡೀ ಕುರಿ ಹಿಂಡಿನ ಸುತ್ತ ಓಡೋಕೆ ಅಂತ ಹುಟ್ಟಿಸಿದ ಜಾತಿ ಇದು. ಓಡೋಕೇ ಆಗದಿದ್ರೆ ಚಂದ ಕಟ್ಕೊಂಡು ಏನ್ ಮಾಡ್ಬೇಕು?”

ಈ ಜಗಳ ಅವರಿಬ್ಬರಲ್ಲಿ ಅಜ್ಜಿ ಜಡ್ಜ್ ಆದಾಗಿನಿಂದ ಇತ್ತಂತೆ. ಆದರೆ ರೇಡಿಯೋಗೆ ನಗು ಬರಲಿಲ್ಲ. ಟೂ ಹಂಡ್ರೆಡ್ ಪರ್ಸೆಂಟ್ ಅಂದುಬಿಟ್ಟಿದ್ದಳಲ್ಲ!

ಶುಕ್ರವಾರ ಬಸ್ಸಿನಲ್ಲಿ ಗುಂಗುರು ಕೇಳಿದಳು. “ಹೇಳಿದ್ಯಾ?”

“ಅಜ್ಜಿ ಈಗ ತಾನೇ ಬಂದಿದ್ದಾರೆ. ಸುಸ್ತಾಗಿದ್ದಾರೆ.”

ಶನಿವಾರ ಫೋನಿನಲ್ಲಿ ಕೇಳಿದಳು. “ಹೇಳಿದ್ಯೇನೇ?”

“ಹೂಂ... ಅದು... ಅಮ್ಮ ಕರೀತಿದ್ದಾರೆ, ಬಂದೆ!”

ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಎರಡು ದಿನ ರೇಡಿಯೋ ಮನೆಯಲ್ಲಿ ಅಷ್ಟು ಕಡಿಮೆ ಮಾತಾಡಿದಳೆಂದರೆ, ಅಮ್ಮ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿದರು.

ಭಾನುವಾರ ಮೈದಾನದ ತುಂಬ ನಾಯಿಗಳು. ಹುಲ್ಲಿನ ವಾಸನೆ, ಶಾಂಪೂ ವಾಸನೆ, ಒದ್ದೆ ಮೂಗುಗಳು. ಒಂದು ಕಡೆ ಚಿಕ್ಕ ನಾಯಿಗಳನ್ನು ಮೇಜಿನ ಮೇಲೆ ನಿಲ್ಲಿಸಿ ಬಾಚುತ್ತಿದ್ದರು. ಇನ್ನೊಂದು ಕಡೆ ಕರುವಿನಷ್ಟು ಎತ್ತರದ ನಾಯಿಯೊಂದು ತನ್ನ ಯಜಮಾನನ ಕಾಲ ಮೇಲೆಯೇ ಕೂತು ಆಕಳಿಸುತ್ತಿತ್ತು. ಹಗ್ಗ ಕಟ್ಟಿದ ಚೌಕಗಳಿಗೆ ರಿಂಗ್ ಎಂದು ಹೆಸರು. ಮೂರನೇ ರಿಂಗಿನ ಹಗ್ಗಕ್ಕೆ ಒರಗಿ ರೇಡಿಯೋ ಮತ್ತು ತಾತ ನಿಂತರು. ಎದುರು ಬದಿಯ ಹಗ್ಗದ ಹತ್ತಿರ ಗುಂಗುರು. ಅವಳು ಇವಳನ್ನು ನೋಡಿದ್ದೇ ಎರಡೂ ಹೆಬ್ಬೆರಳು ಎತ್ತಿ ತೋರಿಸಿದಳು.

ರೇಡಿಯೋ ಅರ್ಧ ಹೆಬ್ಬೆರಳು ಎತ್ತಿದಳು.

ಎರಡು ವರ್ಷ ದಾಟಿದ ಗಂಡು ನಾಯಿಗಳ ಸರದಿ. ಆರು ನಾಯಿಗಳು ಒಳಗೆ ಬಂದವು. ಅವನ್ನು ಹಿಡಿದವರ ತೋಳಿಗೆ ನಂಬರ್ ಕಟ್ಟಿತ್ತು. ಗುಂಗುರುವಿನ ಅಪ್ಪ ಹೊಸ ಜಾಕೆಟ್ ಹಾಕಿದ್ದರು. ನಂಬರ್ ಹದಿನಾಲ್ಕು. ಅವರು ದೊರೆಯ ಒಂದು ಹಿಂಗಾಲನ್ನು ಹಿಂದಕ್ಕಿಟ್ಟು ನಿಲ್ಲಿಸಿದಾಗ, ಅವನ ಬೆನ್ನು ಜಾರುಬಂಡೆಯ ಹಾಗೆ ಇಳಿದು ಬಂತು. ಸುತ್ತ ನಿಂತವರು “ಅಬ್ಬಾ!” ಅಂದರು.

“ನೋಡಿದ್ಯಾ ತಾತ?” ರೇಡಿಯೋ ಕುಣಿದಳು.

“ನೋಡಿದೆ, ನೋಡಿದೆ. ನಿಂತಾಗ ಎಲ್ಲ ಕೋಟೂ ಚಂದವೇ,” ಅಂದರು ತಾತ. “ಕೈ ಎತ್ತಿದಾಗ ಕಂಕುಳಲ್ಲಿ ಹಿಡಿಯುತ್ತಾ ಅಂತ ನೋಡ್ಬೇಕು.”

“ಫ್ಯಾಷನ್ ಶೋ ಅರ್ಥ ಆಗಲ್ಲ ಅಂದ್ಯಲ್ಲ ಮೊನ್ನೆ?”

“ಅದು ನಿಮ್ಮಜ್ಜಿನ ರೇಗಿಸೋಕೆ,” ತಾತ ದನಿ ತಗ್ಗಿಸಿದರು. “ಅವಳು ಕೆಲಸ ಮಾಡೋದು ನೋಡೋಕೇ ನಾನು ಎಲ್ಲಾ ಶೋಗೂ ಬರೋದು. ಅವಳಿಗೆ ಹೇಳ್ಬೇಡ.”

ಅಷ್ಟರಲ್ಲಿ ಅಜ್ಜಿ ರಿಂಗಿನ ನಡುವೆ ಬಂದರು. ಆಗ ಒಂದು ವಿಚಿತ್ರ ಆಯಿತು. ರೇಡಿಯೋಗೆ ಅವರು ತನ್ನ ಅಜ್ಜಿ ಅಂತಲೇ ಅನ್ನಿಸಲಿಲ್ಲ. ಬೆನ್ನು ನೆಟ್ಟಗೆ, ಹೆಜ್ಜೆ ಮೆತ್ತಗೆ. ಅವರು ಜನರತ್ತ ನೋಡಲೇ ಇಲ್ಲ. ನಾಯಿ ಹಿಡಿದವರ ಮುಖವನ್ನೂ ನೋಡಲಿಲ್ಲ. ಅವರ ಕಣ್ಣಿಗೆ ಅಲ್ಲಿ ಆರು ನಾಯಿಗಳು ಬಿಟ್ಟರೆ ಬೇರೇನೂ ಇದ್ದ ಹಾಗಿರಲಿಲ್ಲ.

ಮೊದಲು ನಂಬರ್ ಒಂಬತ್ತು. ರಬ್ಬರ್ ಬೂಟು ಹಾಕಿಕೊಂಡ ಕುರಿ ಸಾಕುವ ಅಣ್ಣನೊಬ್ಬ ಹಿಡಿದಿದ್ದ ನಾಯಿ ಅದು. ಬೂದಿ ಬಣ್ಣ, ತೆಳ್ಳಗಿನ ಮೈ. ಅಂಥ ನಾಯಿ ದಾರಿಯಲ್ಲಿ ಸಿಕ್ಕರೆ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಅಜ್ಜಿ ಅದರ ಮುಂದೆ ಕೈಯ ಹಿಂಬದಿ ಚಾಚಿ ಮೂಸಲು ಬಿಟ್ಟರು. ಆಮೇಲೆ ತುಟಿ ಸರಿಸಿ ಹಲ್ಲು ನೋಡಿದರು. ಹೆಗಲಿನಿಂದ ಬೆನ್ನಿಗೆ, ಬೆನ್ನಿನಿಂದ ಸೊಂಟಕ್ಕೆ, ತೊಡೆಗೆ, ಪಾದಕ್ಕೆ ಎರಡೂ ಕೈ ಹರಿದಾಡಿದವು. ಕತ್ತಲೆಯಲ್ಲಿ ಸ್ವಿಚ್ ಹುಡುಕುವವರ ಹಾಗಲ್ಲ; ಗೊತ್ತಿರುವ ಪುಸ್ತಕ ಓದುವವರ ಹಾಗೆ.

ಮುಂದಿನದು ನಂಬರ್ ಹನ್ನೊಂದು. ಅದರ ಎಡಗಿವಿಯ ತುದಿ ಹರಿದು ಹೋಗಿತ್ತು. ಅದನ್ನು ಹಿಡಿದಿದ್ದ ಅಕ್ಕ ಫೈರ್ ಸರ್ವಿಸಿನ ಯೂನಿಫಾರ್ಮಿನಲ್ಲಿದ್ದರು. ಪಕ್ಕದಲ್ಲಿ ನಿಂತವರು ಯಾರೋ ಹೇಳಿದರು: “ಬಿದ್ದ ಬಿಲ್ಡಿಂಗ್ ಒಳಗೆ ಹೋಗಿ ಎರಡು ಮಕ್ಕಳನ್ನ ಹುಡುಕಿದ್ದು ಇದೇ ನಾಯಿ. ಆಗ ಕಬ್ಬಿಣ ತಾಗಿ ಕಿವಿ ಹರೀತಂತೆ.”

ರೇಡಿಯೋಗೆ ಮೈ ಜುಮ್ ಅಂದಿತು. “ತಾತ, ಕಿವಿ ಹರಿದಿರೋದಕ್ಕೆ ಮಾರ್ಕ್ಸ್ ಕಟ್ಟಾ?”

“ಇಲ್ಲಮ್ಮ. ಕೆಲಸ ಮಾಡುವಾಗ ಆದ ಗಾಯ ದೋಷ ಅಲ್ಲ ಅಂತ ನಿಮ್ಮಜ್ಜಿ ಹೇಳ್ತಿರ್ತಾಳೆ. ನನ್ನ ಬೆರಳಿಗೆ ಸೂಜಿ ಚುಚ್ಚಿದ ಗುರುತಿದೆಯಲ್ಲ, ಹಾಗೆ.”

ನಂಬರ್ ಹದಿನಾಲ್ಕರ ಮುಂದೆ ಅಜ್ಜಿ ಬಂದರು. ಗುಂಗುರು ಎದುರು ಬದಿಯಲ್ಲಿ ಉಸಿರು ಬಿಗಿ ಹಿಡಿದು ನಿಂತಿದ್ದಳು. ದೊರೆ ಬಾಲ ಆಡಿಸಿ ಅಜ್ಜಿಯ ಕೈ ನೆಕ್ಕಿದ. ಹಲ್ಲು, ಹೆಗಲು, ಬೆನ್ನು. ಅಜ್ಜಿಯ ಕೈಗಳು ಸರಾಗವಾಗಿ ಸಾಗಿ ತೊಡೆಯ ಹತ್ತಿರ ನಿಂತವು. ಒಂದೊಂದು ತೊಡೆಯ ಮೇಲೆ ಒಂದೊಂದು ಅಂಗೈ. ಅಜ್ಜಿ ಕಣ್ಣು ಮುಚ್ಚಿದರು. ಮತ್ತೆ ಸೊಂಟದಿಂದ ಕೆಳಕ್ಕೆ ಸವರಿದರು. ಮೂರನೇ ಸಲವೂ.

“ಯಾಕೆ ಅಷ್ಟು ಹೊತ್ತು?” ರೇಡಿಯೋ ಪಿಸುಗುಟ್ಟಿದಳು.

ತಾತ ಕೂಡ ಮುಂದಕ್ಕೆ ಬಗ್ಗಿ ನೋಡುತ್ತಿದ್ದರು.

ಆಮೇಲೆ ಓಟ. ಒಂದೊಂದೇ ನಾಯಿ ಅಜ್ಜಿಯಿಂದ ದೂರ ಓಡಬೇಕು, ತಿರುಗಿ ಅಜ್ಜಿಯ ಕಡೆಗೇ ಓಡಿ ಬರಬೇಕು. ನಿಂತಾಗ ಕಾಣದ ನಂಬರ್ ಒಂಬತ್ತು ಓಡಿದಾಗ ಬೇರೆಯೇ ನಾಯಿಯಾಯಿತು. ಬೆನ್ನಿನ ಮೇಲೆ ತುಂಬಿದ ನೀರಿನ ಲೋಟ ಇಟ್ಟರೂ ಚೆಲ್ಲುತ್ತಿರಲಿಲ್ಲವೇನೋ. ಅಷ್ಟು ಹಗುರ, ಅಷ್ಟು ನಯ. ಅದು ನೆಲ ಮುಟ್ಟಿದ್ದೇ ಕೇಳಿಸಲಿಲ್ಲ.

“ಆಹಾ! ಒಂದು ಹೊಲಿಗೆ ಕೂಡ ಎಳೀತಿಲ್ಲ ನೋಡು,” ಅಂದರು ತಾತ.

ದೊರೆಯೂ ಓಡಿದ. ಕತ್ತಿನ ಕೂದಲು ಹಾರಿತು, ಜನ ಚಪ್ಪಾಳೆ ತಟ್ಟಿದರು. ಅಜ್ಜಿ ಮಾತ್ರ, “ಇನ್ನೊಂದು ಸಲ, ನಿಧಾನವಾಗಿ,” ಅಂದರು. ಅವನು ನಿಧಾನವಾಗಿ ಬಂದ. ಆಗ ರೇಡಿಯೋಗೂ ಏನೋ ಕಂಡ ಹಾಗಾಯಿತು. ಆದರೆ ಏನೆಂದು ತಿಳಿಯಲಿಲ್ಲ.

ಅದೇ ಹೊತ್ತಿಗೆ ಪಕ್ಕದ ರಿಂಗಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದ ಕಬ್ಬಿಣದ ಕುರ್ಚಿಗಳು ಧಡಾರ್ ಎಂದು ಬಿದ್ದವು!

ಮೈದಾನದ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಮೂರನೇ ರಿಂಗಿನಲ್ಲಿದ್ದ ಎರಡು ನಾಯಿಗಳು ಬೆಲ್ಟ್ ಎಳೆದುಕೊಂಡು ಹಿಂದಕ್ಕೆ ಓಡಿದವು. ಹರಕು ಕಿವಿಯ ನಾಯಿ ಮಾತ್ರ ಕುರ್ಚಿಗಳ ಕಡೆಗೇ ಫೈರ್ ಸರ್ವಿಸ್ ಅಕ್ಕನನ್ನು ದರದರ ಎಳೆಯಿತು. ಅವುಗಳ ಕೆಳಗೆ ಯಾರೋ ಸಿಕ್ಕಿಕೊಂಡಿರಬೇಕು, ಹುಡುಕೋಣ ಬಾ ಅನ್ನುವ ಹಾಗೆ! ಜನ ಗೊಳ್ಳೆಂದು ನಕ್ಕರು. ಬೂದಿ ಬಣ್ಣದ ನಾಯಿ ಕಿವಿ ತಿರುಗಿಸಿ ನೋಡಿತು, ಆಮೇಲೆ ‘ಏನು ಮಾಡೋಣ?’ ಎಂದು ಕುರಿ ಸಾಕುವ ಅಣ್ಣನ ಮುಖ ನೋಡಿತು.

ಮತ್ತೆ ದೊರೆ? ದೊರೆ ಒಂದು ಕ್ಷಣ ಬೆಚ್ಚಿದ. ಮರುಕ್ಷಣವೇ ಹೆಜ್ಜೆ ಇಟ್ಟು, ಸದ್ದು ಬಂದ ಕಡೆಗೂ ಗುಂಗುರುವಿನ ಅಪ್ಪನಿಗೂ ನಡುವೆ ಬಂದು ಅಡ್ಡ ನಿಂತ.

ಅಜ್ಜಿ ಮೇಜಿನ ಹತ್ತಿರ ಹೋಗಿ ಒಂದೊಂದು ನಾಯಿಯ ಬಗ್ಗೆಯೂ ಚೀಟಿ ಬರೆದರು. ಬರೆದು ಮುಗಿಸಿ ಬಂದು, ಕೈ ಚಾಚಿ ತೋರಿಸಿದರು.

“ಫಸ್ಟ್, ಒಂಬತ್ತು. ಸೆಕೆಂಡ್, ಹನ್ನೊಂದು. ಥರ್ಡ್, ಇಪ್ಪತ್ತು.”

ಹದಿನಾಲ್ಕು ಬರಲೇ ಇಲ್ಲ.

ಗುಂಗುರುವಿನ ಅಪ್ಪ ನಗುತ್ತಲೇ ರಿಂಗಿನಿಂದ ಹೊರಗೆ ಬಂದರು. ಆದರೆ ಆ ನಗು ಮುಖಕ್ಕೆ ಅಂಟಿಸಿದ ಹಾಗಿತ್ತು. ಕೈಗೆ ಸಿಕ್ಕ ಚೀಟಿಯನ್ನು ಓದದೆ ಜೇಬಿಗೆ ತುರುಕಿದರು. ಗುಂಗುರು ಸುತ್ತು ಬಳಸಿ ಸೀದಾ ರೇಡಿಯೋಳ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು.

“ಟೂ ಹಂಡ್ರೆಡ್ ಪರ್ಸೆಂಟ್ ಅಂದ್ಯಲ್ಲೇ!”

ರೇಡಿಯೋ ನೆಲ ನೋಡಿದಳು.

“ನೀನು ಹೇಳ್ಲೇ ಇಲ್ಲ ಅಲ್ವಾ ನಿಮ್ಮಜ್ಜಿಗೆ?”

ಸುಳ್ಳು ಹೇಳಬಹುದಿತ್ತು. ‘ಹೇಳಿದ್ದೆ, ಅಜ್ಜಿ ಕೇಳಲಿಲ್ಲ’ ಅಂದಿದ್ದರೆ ಸಿಟ್ಟೆಲ್ಲ ಅಜ್ಜಿಯ ಕಡೆಗೆ ತಿರುಗುತ್ತಿತ್ತು. ಮಾತು ನಾಲಿಗೆ ತುದಿಗೆ ಬಂದೂ ಇತ್ತು.

“ಇಲ್ಲ,” ಅಂದಳು ರೇಡಿಯೋ. “ಹೇಳ್ಲಿಲ್ಲ.”

ಗುಂಗುರು ಬೆನ್ನು ತಿರುಗಿಸಿ ಹೊರಟುಬಿಟ್ಟಳು.

ಅಜ್ಜಿ ಕೆಲಸ ಮುಗಿಸಿ ಮರದ ನೆರಳಿಗೆ, ರೇಡಿಯೋ ಮತ್ತು ತಾತ ಇದ್ದಲ್ಲಿಗೆ ಬಂದು ನೀರು ಕುಡಿಯುತ್ತಿದ್ದರು. ಗುಂಗುರುವಿನ ಅಪ್ಪ ದೊರೆಯನ್ನು ಹಿಡಿದುಕೊಂಡು ಅಲ್ಲಿಗೇ ಬಂದರು. ಹಿಂದೆ ಗುಂಗುರು, ರೇಡಿಯೋಳ ಕಡೆ ತಿರುಗಿಯೂ ನೋಡದೆ.

“ಮೇಡಂ, ಒಂದು ಮಾತು ಕೇಳ್ಬಹುದಾ?” ಅವರು ಗೌರವದಿಂದಲೇ ಕೇಳಿದರು. “ಇದಕ್ಕೆ ಮುಂಚೆ ಆರು ರಿಬ್ಬನ್ ಗೆದ್ದಿದ್ದಾನೆ ಇವನು. ಇಂಥ ಬೆನ್ನು ಇನ್ನೊಂದಿಲ್ಲ ಅಂತ ಎಲ್ಲಾ ಜಡ್ಜ್‌ಗಳೂ ಹೇಳಿದ್ದಾರೆ. ನೀವು ಆ ಬೂದಿ ನಾಯಿಗೆ ಕೊಟ್ರಿ. ಯಾಕೆ ಅಂತ ತಿಳ್ಕೋಬೇಕಿತ್ತು, ಅಷ್ಟೇ.”

“ಖಂಡಿತ ಕೇಳ್ಬೇಕು. ಕೇಳದೇ ಮನೆಗೆ ಹೋಗಿ ಬೈಕೊಳ್ಳೋರೇ ಜಾಸ್ತಿ,” ಅಂದರು ಅಜ್ಜಿ. “ಈ ಇಳಿಜಾರು ಬೆನ್ನು ಫೋಟೋದಲ್ಲಿ ಚಂದ. ಕೆಲವರು ಇಷ್ಟ ಪಡ್ತಾರೆ, ನಾನು ಪಡಲ್ಲ. ಅದು ನನ್ನ ಅಭಿಪ್ರಾಯ, ಬಿಡಿ. ಆದ್ರೆ ಇವತ್ತಿನದ್ದು ಬರೀ ಅಭಿಪ್ರಾಯ ಅಲ್ಲ. ಬಾ ಮರಿ ಇಲ್ಲಿ.”

ಕರೆದದ್ದು ಗುಂಗುರುವನ್ನು. ಅವಳು ಅನುಮಾನಿಸುತ್ತಲೇ ಮುಂದೆ ಬಂದಳು. ಅಜ್ಜಿ ಮೊಣಕಾಲೂರಿ ಕೂತು, ಅವಳ ಎರಡೂ ಕೈ ಹಿಡಿದು ದೊರೆಯ ಹಿಂಗಾಲಿನ ತೊಡೆಗಳ ಮೇಲೆ ಇಟ್ಟರು.

“ಕಣ್ಣು ಮುಚ್ಚು. ಯಾವುದು ದಪ್ಪ?”

ಗುಂಗುರು ಕಣ್ಣು ಮುಚ್ಚಿದಳು. ಎರಡೂ ತೊಡೆಗಳನ್ನು ಮತ್ತೆ ಮತ್ತೆ ಒತ್ತಿ ನೋಡಿದಳು. “ಬಲಗಡೆದು,” ಅಂದಳು ಮೆಲ್ಲಗೆ. “ಎಡಗಡೆದು ಸಣ್ಣ ಇದೆ.”

“ಅಲ್ವಾ? ಕೂದಲು ದಟ್ಟ ಇರೋದ್ರಿಂದ ಕಣ್ಣಿಗೆ ಕಾಣಲ್ಲ. ಎಡಗಾಲಿಗೆ ಭಾರ ಬಿಡದೆ ಓಡಾಡ್ತಿದ್ದಾನೆ. ಬಹಳ ದಿನದಿಂದ. ನಾನು ಡಾಕ್ಟರಲ್ಲ. ಆದ್ರೆ ಸೊಂಟದ ಕೀಲು ಒಂದ್ಸಲ ತೋರಿಸಿ.” ಅಜ್ಜಿ ದೊರೆಯ ಕಿವಿಯ ಹಿಂದೆ ಕೆರೆದರು. “ಮನೇಲಿ ಏನಾದ್ರೂ ಬದಲಾಗಿತ್ತಾ? ಮೆಟ್ಟಿಲು ಹತ್ತೋದು, ಜಿಗಿಯೋದು?”

ಗುಂಗುರುವಿನ ಮುಖ ಬಿಳಿಚಿಕೊಂಡಿತು.

“ಸೋಫಾ,” ಅಂದಳು. “ಅಪ್ಪಾ, ಸೋಫಾ ಹತ್ತೋದು ಬಿಟ್ಟಿದ್ದ. ನಾವು ಬುದ್ಧಿ ಬಂತು ಅಂದ್ಕೊಂಡ್ವಿ.”

ಅವಳ ಅಪ್ಪ ಹೊಸ ಜಾಕೆಟ್ಟಿನ ಪರಿವೆಯೇ ಇಲ್ಲದೆ ಹುಲ್ಲಿನಲ್ಲಿ ಕೂತುಬಿಟ್ಟರು. ದೊರೆ ಅವರ ಕೆನ್ನೆ ನೆಕ್ಕಿದ. “ದಿನಾ ಬಾಚ್ತೀನಿ ಮೇಡಂ,” ಅಂದರು ಅವರು ಕೊನೆಗೆ. “ದಿನಾ ಈ ಕೈಯಲ್ಲೇ ಬಾಚ್ತೀನಿ. ನಂಗೆ ಗೊತ್ತಾಗ್ಲಿಲ್ಲ.”

“ದಿನಾ ನೋಡೋರಿಗೆ ಕಾಣಲ್ಲ. ನನ್ನ ನಾಯಿದು ನಂಗೂ ಕಂಡಿರ್ಲಿಲ್ಲ ಒಂದ್ಸಲ,” ಅಂದರು ಅಜ್ಜಿ.

ಮನೆಗೆ ಹೋಗುವ ಆಟೋದಲ್ಲಿ ತಾತ ಸುಮ್ಮನಿರಲಿಲ್ಲ. “ಅಲ್ವೇ, ಹರಕು ಕಿವಿಗೆ ಫಸ್ಟ್ ಕೊಡ್ಬಹುದಿತ್ತಲ್ಲ? ಎರಡು ಮಕ್ಕಳ ಜೀವ ಉಳಿಸಿದೆಯಂತೆ.”

“ಹೌದಾ?” ಅಜ್ಜಿಯ ಹುಬ್ಬು ಮೇಲೇರಿತು. ಅವರಿಗೆ ಅದು ಗೊತ್ತೇ ಇರಲಿಲ್ಲ. “ಎಂಥಾ ನಾಯಿ! ಕಣ್ಣು ನೋಡಿದಾಗ್ಲೇ ಅನ್ಕೊಂಡೆ. ಅವನಿಗೆ ಮೆಡಲ್ ಕೊಡ್ಲಿ, ನಾನೇ ಹೋಗಿ ಸೆಲ್ಯೂಟ್ ಹೊಡೀತೀನಿ. ಆದ್ರೆ ಓಡುವಾಗ ಅವನ ಮುಂಗಾಲು ಸ್ವಲ್ಪ ಹೊರಗೆ ತಿರುಗುತ್ತೆ ರೀ. ನಾನಿವತ್ತು ನೋಡ್ಬೇಕಾಗಿದ್ದು ಹೀರೋ ಯಾರು ಅಂತ ಅಲ್ಲ. ನಾಳೆ ಹುಟ್ಟೋ ಮರಿಗಳು ಯಾರ ಹಾಗಿದ್ರೆ ನೋವಿಲ್ಲದೆ ಓಡ್ತಾವೆ ಅಂತ.”

ತಾತ ತಲೆದೂಗಿದರು. ಆಟೋ ಸಿಗ್ನಲ್ಲಿನಲ್ಲಿ ನಿಂತಿತು.

“ಆ ಗುಂಗುರು ಕೂದಲಿನ ಹುಡುಗಿ ನಿನ್ನ ಫ್ರೆಂಡಾ?” ಅಜ್ಜಿ ಇದ್ದಕ್ಕಿದ್ದ ಹಾಗೆ ಕೇಳಿದರು.

“ಹೂಂ.”

ಅಜ್ಜಿ ರೇಡಿಯೋಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. “ಕಷ್ಟ ಆಯ್ತಾ?”

“ತುಂಬಾ,” ಅಂದಳು ರೇಡಿಯೋ. ಅಷ್ಟು ಹೊತ್ತು ಬಾರದಿದ್ದ ಅಳು ಆಗ ಬಂತು.

ಸೋಮವಾರ ಗುಂಗುರು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಳು. ಮಂಗಳವಾರ ಶಾಲೆಗೇ ಬರಲಿಲ್ಲ. ಬುಧವಾರ ಬಂದವಳು ಊಟದ ಬಿಡುವಿನಲ್ಲಿ ರೇಡಿಯೋಳ ಡೆಸ್ಕಿನ ಮುಂದೆ ಬಂದು ನಿಂತಳು.

“ಎಕ್ಸ್-ರೇ ತೆಗೆದ್ರು,” ಅಂದಳು. “ಸೊಂಟದ ಕೀಲು ಸರಿಯಾಗಿ ಕೂತಿಲ್ಲವಂತೆ. ಇನ್ನು ಶೋ ಇಲ್ಲ. ಮಾತ್ರೆ ಕೊಟ್ಟಿದ್ದಾರೆ. ತೂಕ ಇಳಿಸ್ಬೇಕು, ಈಜಿಸ್ಬೇಕು. ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು ಅಂದ್ರು ಡಾಕ್ಟರ್.” ಆಮೇಲೆ ಕಾಲಿನಿಂದ ನೆಲ ಕೆರೆಯುತ್ತಾ, “ಸಂಜೆ ಬರ್ತೀಯಾ? ಅವನು ನಿನ್ನ ಹುಡುಕ್ತಿರ್ತಾನೆ,” ಅಂದಳು.

ಸಂಜೆ ರೇಡಿಯೋ ಹೋದಾಗ ದೊರೆ ಹೊಸ ಚಾಪೆಯ ಮೇಲೆ ಮಲಗಿದ್ದ. ಬಾಲದಿಂದಲೇ ಸ್ವಾಗತ ಮಾಡಿದ. ಗೋಡೆಯ ಮೇಲೆ ಅವನ ಆರು ರಿಬ್ಬನ್ನುಗಳು ಸಾಲಾಗಿ ತೂಗುತ್ತಿದ್ದವು. ಅವುಗಳ ಪಕ್ಕದಲ್ಲಿ ಏನೋ ಹೊಸದು. ಮಡಿಸಿ ಮಡಿಸಿ ಸುಕ್ಕಾದ ಒಂದು ಚೀಟಿಗೆ ಗಾಜಿನ ಫ್ರೇಮು!

“ಅಪ್ಪ ಹಾಕಿಸಿದ್ದು,” ಅಂದಳು ಗುಂಗುರು. “ಜೇಬಲ್ಲೇ ಇತ್ತಂತೆ. ಈಗ ದಿನಾ ಓದ್ತಾರೆ.”

ರೇಡಿಯೋ ತುದಿಗಾಲಲ್ಲಿ ನಿಂತು ಓದಿದಳು. ಅಜ್ಜಿಯ ಓರೆ ಅಕ್ಷರ. ಮೇಲೆ ಯಾರ ಹೆಸರೂ ಇರಲಿಲ್ಲ.

‘ನಂಬರ್ ೧೪. ತಲೆ, ಹಲ್ಲು, ಹೆಗಲು ಬಹಳ ಚೆನ್ನ. ಮೈ ಚೊಕ್ಕವಾಗಿದೆ, ಪ್ರೀತಿಯಿಂದ ಸಾಕಿದ್ದಾರೆ. ಎಡ ತೊಡೆ ಸೊರಗಿದೆ, ಡಾಕ್ಟರಿಗೆ ತೋರಿಸಬೇಕು. ಬಹುಮಾನ ಕೊಡಲಾಗಲಿಲ್ಲ. ಆದರೆ ಸದ್ದಾದಾಗ ತನ್ನವರ ಮುಂದೆ ಬಂದು ನಿಂತ. ಕಾಲು ನೋಯುತ್ತಿದ್ದರೂ ಕರೆದತ್ತ ಓಡಿದ. ಇಂಥ ಮನಸ್ಸಿನ ನಾಯಿಯನ್ನು ನಾನು ಕಂಡದ್ದು ಕಡಿಮೆ.’

ರೇಡಿಯೋ ಅದನ್ನು ಎರಡು ಸಲ ಓದಿದಳು. ಅಜ್ಜಿ ಇದನ್ನು ಬರೆದಾಗ ದೊರೆ ಯಾರ ಮನೆಯವನು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಆದರೂ ದೊರೆಯ ಬಗ್ಗೆ ಅವರಿಗೆ ಎಲ್ಲ ಗೊತ್ತಿತ್ತು.

“ಬಾ, ವಾಕಿಂಗ್ ಟೈಮ್,” ಗುಂಗುರು ಬೆಲ್ಟ್ ತಂದಳು. “ಬರೀ ಹತ್ತು ನಿಮಿಷ. ಮೆಲ್ಲಗೆ.”

ಮೂವರೂ ರಸ್ತೆಗೆ ಇಳಿದರು. ಗುಂಗುರು ಡಾಕ್ಟರ ಕ್ಲಿನಿಕ್ಕಿನಲ್ಲಿ ನೋಡಿದ ಆಮೆಯ ಕತೆ ಹೇಳುತ್ತಾ ನಡೆದಳು. ರೇಡಿಯೋ ಕೇಳುತ್ತಿದ್ದಳು, ಕಣ್ಣು ಮಾತ್ರ ದೊರೆಯ ಕಾಲಿನ ಮೇಲಿತ್ತು. ಮೂಲೆಯ ಅಂಗಡಿ ದಾಟುವಾಗ ಅವನ ಎಡಗಾಲು ನೆಲವನ್ನು ಮುಟ್ಟಿಯೂ ಮುಟ್ಟದ ಹಾಗೆ ಬಿತ್ತು. ಇನ್ನೊಂದು ಹೆಜ್ಜೆ. ಇನ್ನೊಂದು. ದೊರೆ ತಲೆ ಎತ್ತಿ ಗುಂಗುರುವಿನ ಮುಖ ನೋಡಿದ. ಅವಳು ನಡೆಯುತ್ತಿದ್ದಳು, ಹಾಗಾಗಿ ಅವನೂ ನಡೆದ.

“ಅಯ್ಯಯ್ಯೋ, ಕಾಲು ನೋಯ್ತಿದೆ ಕಣೇ,” ರೇಡಿಯೋ ಯಾರದೋ ಮನೆಯ ಮೆಟ್ಟಿಲ ಮೇಲೆ ಧೊಪ್ಪನೆ ಕೂತಳು. “ಸ್ವಲ್ಪ ಹೊತ್ತು ಕೂತ್ಕೊಳ್ಳೋಣ.”

“ಇಷ್ಟಕ್ಕೇನಾ? ಐದು ನಿಮಿಷನೂ ಆಗಿಲ್ಲ!”

“ತುಂಬಾ ನೋಯ್ತಿದೆ.”

ಗುಂಗುರು ಗೊಣಗುತ್ತಾ ಪಕ್ಕದಲ್ಲಿ ಕೂತಳು. ದೊರೆ ಅವಳು ಕೂತದ್ದನ್ನು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಹಿಂಗಾಲು ಮಡಿಸಿ ಮಲಗಿದ. ದೊಡ್ಡದಾಗಿ ಉಸಿರು ಬಿಟ್ಟು, ಗದ್ದವನ್ನು ರೇಡಿಯೋಳ ಶೂ ಮೇಲೆ ಇಟ್ಟ.

ರೇಡಿಯೋ ಕಾಲು ಅಲುಗಿಸಲಿಲ್ಲ.